ಗೆರೆಯ ಕೆಳಗೆ ಐದು ಪೌಂಡ್

ಬೀಲಾ ಕ್ರೀಕ್, ಅಯೋವ
23 ಜೂನ್ 2025

ಟೆಸ್ಸಾ,

ಈ ತಿಂಗಳ ಹನ್ನೊಂದನೆಯ ತಾರೀಖು, ಬುಧವಾರ, ನಿನ್ನ ಆಸ್ಟ್ರಾಂಡರ್ ಕಾಲೇಜಿನ ಆಡಳಿತ ಮಂಡಳಿ ಒಂದು ಅನ್ಯಾಯ ಮಾಡಿದೆ. ಕೈಲಾಗದ ಮನೆಗಳ ವಿದ್ಯಾರ್ಥಿಗಳಿಗೂ ಆಟದ ತಂಡಗಳವರಿಗೂ ಕೊಡುತ್ತಿದ್ದ ಊಟದ ನೆರವನ್ನು ಬರುವ ಆಗಸ್ಟಿನಿಂದ ನಿಲ್ಲಿಸಿದೆ. ಯಾವಾಗ ಮಾಡಿದರು ನೋಡು: ಬೇಸಿಗೆ ರಜೆಯಲ್ಲಿ, ಹಾಸ್ಟೆಲುಗಳಿಗೆ ಬೀಗ ಬಿದ್ದು ಕೇಳುವವರು ಒಬ್ಬರೂ ಅಲ್ಲಿಲ್ಲದಾಗ. ಹಳೆಯ ವಿದ್ಯಾರ್ಥಿಗಳ ಪತ್ರಿಕೆಯ ಹದಿನೇಳನೆಯ ಪುಟದಲ್ಲಿ, ಹೊಸ ಈಜುಕೊಳದ ಚಿತ್ರದ ಕೆಳಗೆ, ನಾಲ್ಕೇ ಸಾಲು. "ಸಂಪನ್ಮೂಲಗಳ ಮರುಹೊಂದಾಣಿಕೆ" ಎಂದು ಹೆಸರಿಟ್ಟಿದ್ದಾರೆ. ವಾಷಿಂಗ್ಟನ್ನಿನಿಂದ ಬರುವ ಹಣ ಕಡಿಮೆಯಾಯಿತಂತೆ. ಕಡಿಮೆಯಾದದ್ದು ಈಜುಕೊಳಕ್ಕೆ ಮಾತ್ರ ಗೊತ್ತಾಗಲಿಲ್ಲ.

1968ರ ಸೆಪ್ಟೆಂಬರಿನಲ್ಲಿ ನಾನು ಅದೇ ಕಾಲೇಜಿನ ಊಟದ ಹಜಾರಕ್ಕೆ ಮೊದಲು ಕಾಲಿಟ್ಟೆ. ನಮ್ಮ ಮನೆಯಲ್ಲಿ ಏಳು ಮಕ್ಕಳು, ಕಾಲೇಜು ಕಂಡವನು ನಾನೊಬ್ಬನೇ. ಆ ಎತ್ತರದ ಕಿಟಕಿಗಳಿಂದ ಬೀಳುವ ಬೆಳಕನ್ನು ನಾನು ನಮ್ಮ ಚರ್ಚಿನಲ್ಲೂ ನೋಡಿರಲಿಲ್ಲ. ಬಾಯಿ ತೆರೆದು ನಿಂತುಬಿಟ್ಟೆ. ಬಡಿಸುತ್ತಿದ್ದ ಹೆಂಗಸು ಗದರಿದಳು: "ಏ ಹುಡ್ಗಾ, ಸೂರು ಆಮೇಲೆ ನೋಡೀವಂತೆ, ಮೊದ್ಲು ತಟ್ಟೆ ಮುಂದಕ್ ತಾ. ಇನ್ನೊಂದ್ಸಲ ಬೇಕಂದ್ರೆ ಮತ್ತೆ ಬಾ, ಇಲ್ಲಿ ಯಾರೂ ಎಣಿಸಲ್ಲ." ಎಣಿಸುವುದಿಲ್ಲ ಎಂಬ ಆ ಮಾತು ಐವತ್ತೇಳು ವರ್ಷ ಕಳೆದರೂ ಕಿವಿಯಲ್ಲಿದೆ. ಈಗ ಎಣಿಸಲು ಶುರು ಮಾಡಿದ್ದಾರೆ.

ನೀನು ನನ್ನ ತರಗತಿಯಲ್ಲಿ ಕೂತವಳಲ್ಲ, ನಿನ್ನಮ್ಮ ಕೂತವಳು. ಆದರೆ ಗಂಡುಹುಡುಗರ ತಂಡದಲ್ಲಿ ಒಬ್ಬಳೇ ಹುಡುಗಿಯಾಗಿ ನೀನು ಆಡಿದ ಅಷ್ಟೂ ಕುಸ್ತಿಗಳ ಅಂಕ ಬರೆದವನು ನಾನು. ಆ ಸಲಿಗೆಯಿಂದ ಕೇಳುತ್ತಿದ್ದೇನೆ. ನಿನಗೆ ಎಷ್ಟು ಪೆಟ್ಟು ಬಿತ್ತು? ಮುಚ್ಚಿಡದೆ ಬರೆ. ಫೋನ್ ಬೇಡ. ನನ್ನ ಕಿವಿಗೆ ಫೋನ್ ಒಗ್ಗುವುದಿಲ್ಲ.

ಲೀಲಂಡ್ ವೊಂಡ್ರಾಚೆಕ್


19 ಆಗಸ್ಟ್ 2025

ಮೇಷ್ಟ್ರೇ,

ತಡವಾಯಿತು, ಬೈಯಬೇಡಿ. ಹಾಸ್ಟೆಲು ಬಿಟ್ಟು ಊರೊಳಗೆ ಟೈರ್ ಅಂಗಡಿಯ ಮೇಲಿನ ಕೋಣೆಗೆ ಬಂದಿದ್ದೇವೆ, ನಾನು ಮತ್ತು ನಮ್ಮ ತಂಡದ ನೊಹೇಯಾ. ಅವಳು ಹವಾಯಿಯವಳು, 110 ಪೌಂಡ್ ತೂಕದ ವರ್ಗದಲ್ಲಿ ಆಡುತ್ತಾಳೆ. ಮೊದಲ ದಿನ ಕಿಟಕಿ ತೆಗೆದು, "ಟೆಸ್ಸಾ, ನಿಮ್ಮೂರಲ್ಲಿ ಸಮುದ್ರ ಎಲ್ಲಿಟ್ಟಿದೀರೇ?" ಅಂದಳು. ಜೋಳದ ಹೊಲ ತೋರಿಸಿದೆ. ಗಾಳಿ ಬೀಸುತ್ತಿತ್ತು. ಬಹಳ ಹೊತ್ತು ನೋಡಿ, "ಪರವಾಗಿಲ್ಲ, ಅಲೆ ಇದೆ" ಅಂದಳು.

ಪೆಟ್ಟು ಅಂಥದ್ದೇನಿಲ್ಲ ಮೇಷ್ಟ್ರೇ. ಹೋದದ್ದು ಊಟದ ಕಾರ್ಡು ಮಾತ್ರ. ಫೀಸಿನ ನೆರವು ತಂಡದಲ್ಲಿ ಇರುವವರೆಗೂ ಉಳಿಯುತ್ತದೆ, ಮುಖ್ಯವಾದದ್ದು ಅದೇ. ನಾವೇ ಬೇಯಿಸಿಕೊಳ್ಳುತ್ತೇವೆ. ನೊಹೇಯಾ ಅನ್ನ ಮಾಡಿ ಡಬ್ಬಿಯ ಮಾಂಸ ಹುರಿದು ಹಾಕುತ್ತಾಳೆ. ಇನ್ನೆರಡು ವರ್ಷ ಕಳೆದರೆ ನಾನೂ ನಿಮ್ಮ ಹಾಗೆ ಸೀಮೆಸುಣ್ಣ ಹಿಡಿಯುತ್ತೇನೆ.

ನಮ್ಮ ಹೊಸ ಗರಡಿಯನ್ನು ನೀವು ನೋಡಬೇಕಿತ್ತು. ಬೆಳಗಿನ ಆರಕ್ಕೆ ಮೂವತ್ತು ಹುಡುಗಿಯರು ಒಟ್ಟಿಗೆ ಚಾಪೆಗೆ ಬೀಳುವ ಸದ್ದು ಎದೆಗೂಡಿಗೆ ಬಡಿಯುತ್ತದೆ. ನಮ್ಮೂರಿನಲ್ಲಿ ನಾನೊಬ್ಬಳೇ ಇದ್ದೆ. ಇಷ್ಟು ಜನ ನಾವು ಎಲ್ಲಿ ಅಡಗಿದ್ದೆವು ಎಂದು ಈಗಲೂ ಆಶ್ಚರ್ಯವಾಗುತ್ತದೆ.

ಕಾರ್ಡಿನ ವಿಷಯ ಅಮ್ಮನಿಗೆ ಹೇಳಬೇಡಿ. ಮೊಟ್ಟೆ ಕಾರ್ಖಾನೆಯಲ್ಲಿ ಈಗಲೇ ಎರಡು ಪಾಳಿ ಮಾಡುತ್ತಿದ್ದಾಳೆ. ತಿಳಿದರೆ ಮೂರನೆಯದನ್ನು ಕೇಳುತ್ತಾಳೆ.

ನಿಮ್ಮ ಟೆಸ್ಸಾ ಕೌಬಾ


14 ಅಕ್ಟೋಬರ್ 2025

ಟೆಸ್ಸಾ,

ಇವತ್ತಿನ ಪತ್ರಿಕೆಯಲ್ಲಿ ಕಾಲೇಜು ತಂಡಗಳ ಪಟ್ಟಿ ಬಂದಿದೆ. "ಕೌಬಾ, ಆಸ್ಟ್ರಾಂಡರ್, 124 ಪೌಂಡ್." ಕನ್ನಡಕ ಒರೆಸಿ ಎರಡನೆಯ ಸಲ ಓದಿದೆ. ಹೋದ ವರ್ಷ 138ರಲ್ಲಿದ್ದವಳು ಒಂದೇ ಬೇಸಿಗೆಯಲ್ಲಿ ಎರಡು ವರ್ಗ ಕೆಳಗೆ! ಐವತ್ತು ವರ್ಷದ ನನ್ನ ಅಂಕಪುಸ್ತಕಗಳಲ್ಲಿ ಅಂಥವರು ಒಂಬತ್ತು ಜನ. ಒಂಬತ್ತೂ ಜನರ ಹೆಸರು ನನಗೆ ಬಾಯಿಪಾಠ.

ಹಗುರದ ಎದುರಾಳಿಗಳ ಮೇಲೆ ಬಲ ಹೆಚ್ಚಲೆಂದು ಹೊಟ್ಟೆ ಕಟ್ಟುವ ಈ ವೈರಾಗ್ಯ ಕುಸ್ತಿಯವರಿಗಲ್ಲದೆ ಬೇರೆಯವರಿಗೆ ಅರ್ಥವಾಗುವುದಿಲ್ಲ. ಕ್ಷೌರದಂಗಡಿಯಲ್ಲಿ ಎಲ್ಡನ್ ಕೇಳಿದ, "ಏನ್ ಮೇಷ್ಟ್ರೇ, ಜಾನಾ ಕೌಬಾ ಮಗ್ಳು ಗಾಳಿ ತಿಂದ್ಕೊಂಡಿದಾಳಾ?" ನಾನೆಂದೆ, "ನೀನು ಹಂದಿಮಾಂಸ ತಿಂದ್ಕೊಂಡು ಏನ್ ಕಡಿದು ಕಟ್ಟೆ ಹಾಕ್ದೆ ಹೇಳಪ್ಪಾ." ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ಕಣ್ಣು ತುಂಬಿತ್ತು.

ಒಂದೇ ಬುದ್ಧಿಮಾತು, ನಿನಗೆ ತಿಳಿಯದ್ದೇನಲ್ಲ. ತೂಕ ಇಳಿಸುವವರ ಕಲೆ ಇರುವುದು ಗೆರೆಯಲ್ಲಿ, ಆ ವರ್ಗದ ಮೇಲಿನ ಮಿತಿಯಲ್ಲಿ. ತಕ್ಕಡಿ ಹತ್ತಿದಾಗ 123.8 ಇರಬೇಕು, 124.0 ಇದ್ದರೆ ಇನ್ನೂ ಚೆಂದ. ಗೆರೆಗಿಂತ ಒಂದು ಪೌಂಡ್ ಹೆಚ್ಚು ಇಳಿಸಿದವನು ಒಂದು ಪೌಂಡ್ ಬಲವನ್ನು ಸುಮ್ಮನೆ ಬೀದಿಗೆ ಎಸೆದ ಹಾಗೆ. ಒಳ್ಳೆಯ ಪೈಲ್ವಾನ ಯಾರೂ ಎಸೆಯುವುದಿಲ್ಲ.

ಮಂಡಳಿಗೆ ನಾಲ್ಕು ಕಾಗದ ಹಾಕಿದ್ದೇನೆ. ಒಂದಕ್ಕೆ ಉತ್ತರ ಬಂತು. "ಶ್ರೀಮತಿ ವೊಂಡ್ರಾಚೆಕ್ ಅವರೇ" ಎಂದು ಶುರುವಾಗಿದೆ.

ಲೀ. ವೊಂ.


16 ನವೆಂಬರ್ 2025

ಶ್ರೀಮತಿ ಮೇಷ್ಟ್ರೇ,

ಕ್ಷಮಿಸಿ, ಬಿಡಲಾಗಲಿಲ್ಲ. ನೊಹೇಯಾಗೆ ಓದಿ ಹೇಳಿದೆ, ನಕ್ಕು ನಕ್ಕು ಚಾಪೆಯ ಮೇಲೆ ಹೊರಳಾಡಿದಳು.

ಮೂರು ವಾರದಲ್ಲಿ ಮೂರು ಮುಕ್ತ ಪಂದ್ಯಾವಳಿಗಳಿಗೆ ಹೋಗಿದ್ದೆ. ತಂಡದ ಪಟ್ಟಿಯಲ್ಲಿ ಇಲ್ಲದ ಕಡೆಗೂ ನಾನೇ ಹೆಸರು ಕೊಟ್ಟು ಹೋದೆ. ಕೋಚ್ ಹಾಲ್ವರ್ಸನ್ ಕೇಳಿದರು, "ಸಾಕಾಗಲ್ವೇನೇ ನಿಂಗೆ?" ನಾನು, "ಇಲ್ಲ ಕೋಚ್, ಸಾಕಾಗಲ್ಲ" ಅಂದೆ. ಬೆನ್ನು ತಟ್ಟಿದರು.

ತೂಕ ನೋಡಿದ ಮೇಲೆ ಹಾಕುವ ಮೇಜುಗಳ ಬಗ್ಗೆ ಬರೆಯಲೇಬೇಕು. ನಮ್ಮೂರಿನ ಮೇಜು ನಿಮಗೆ ಗೊತ್ತಲ್ಲ: ಯಾವ ಊರು, ಯಾವ ತಂಡ ಎಂದು ಯಾರೂ ಕೇಳುವುದಿಲ್ಲ, ತಕ್ಕಡಿಯಿಂದ ಇಳಿದವರೆಲ್ಲ ತಿನ್ನಬಹುದು. ಎಲ್ಲ ಊರಲ್ಲೂ ಹಾಗೆಯೇ ಇದೆ ಮೇಷ್ಟ್ರೇ! ಮೊದಲನೆಯ ಕಡೆ ಬಾಳೆಹಣ್ಣು, ದಪ್ಪ ಬ್ರೆಡ್ಡು, ಕಡಲೆಕಾಯಿ ಬೆಣ್ಣೆ ದೊಡ್ಡ ಬಕೆಟಿನಲ್ಲಿ, ಮರದ ಸೌಟು ಅದರೊಳಗೆ ನೆಟ್ಟಗೆ ನಿಂತಿತ್ತು. ಎರಡನೆಯ ಕಡೆ ಬೇಯಿಸಿದ ಮೊಟ್ಟೆ, ಸುಲಿದದ್ದು, ಮೇಲೆ ಉಪ್ಪು ಕರಗಿ ಹೊಳೆಯುತ್ತಿತ್ತು. ಮೂರನೆಯ ಕಡೆ ಒಬ್ಬ ಅಜ್ಜಿ ಕೋಳಿಯ ಸಾರು ತಂದಿದ್ದಳು, ಬೆಳಗಿನ ಎಂಟಕ್ಕೆ! ಅದರ ಹಬೆ ಇನ್ನೂ ಮೂಗಿನಲ್ಲಿದೆ.

ಬೇರೆ ವಿಭಾಗಗಳ ಉಪನ್ಯಾಸಗಳಿಗೂ ಹೋಗುತ್ತಿದ್ದೇನೆ. ಹೋದ ಗುರುವಾರ ಮಣ್ಣಿನೊಳಗಿನ ಜೀವಿಗಳ ಮೇಲೆ ಒಂದಿತ್ತು. ಒಂದು ಚಮಚ ಮಣ್ಣಿನಲ್ಲಿ ನೂರು ಕೋಟಿ ಜೀವ ಇರಬಹುದಂತೆ. ಮನೆಗೆ ನಡೆದು ಬರುವಾಗ ಹೊಲದ ಮೇಲೆ ಕಾಲಿಡಲು ಒಂಥರಾ ಸಂಕೋಚವಾಯಿತು. ಬದಿಯಲ್ಲಿ ನಡೆದೆ.

ಟೆಸ್ಸಾ


25 ನವೆಂಬರ್ 2025

ಮಗು ಟೆಸ್ಸಾ,

ಮೂರು ವಾರದಲ್ಲಿ ಮೂರು! ಅದರ ಮೇಲೆ ಮಣ್ಣಿನ ವಿಜ್ಞಾನ! ನಿನ್ನ ವಯಸ್ಸಿನಲ್ಲಿ ನನಗೆ ಇಷ್ಟು ಹಸಿವು ಇರಲಿಲ್ಲ. ಜ್ಞಾನದ ಹಸಿವು, ಚಾಪೆಯ ಹಸಿವು. ಕಾಗದವನ್ನು ಇರ್ಮಾ ಪೊಲಾಶೆಕ್‌ಗೆ ಓದಿ ಹೇಳಿದೆ. ನಮ್ಮ ಚರ್ಚಿನ ಕೋಲಾಚಿಗಳನ್ನು, ಆ ಹಣ್ಣಿನ ಹೂರಣದ ಸಿಹಿ ಬನ್ನುಗಳನ್ನು, ನಲವತ್ತು ವರ್ಷದಿಂದ ಬೇಯಿಸುತ್ತಿರುವ ಇರ್ಮಾ, ನಿನಗೆ ಗೊತ್ತಲ್ಲ. ಕೇಳಿ ಅವಳು ನಗಲಿಲ್ಲ. "ಇನ್ನೊಂದ್ಸಲ ಓದು, ಆ ಮೊಟ್ಟೆ ಇರೋ ಜಾಗ" ಅಂದಳು. ಓದಿದೆ. "ಹೂಂ" ಅಂದಳು, ಅಷ್ಟೇ. ಅವಳಿಗೆ ಸಾಹಿತ್ಯ ತಿಳಿಯುವುದಿಲ್ಲ. ನಿನ್ನ ಆ ವರ್ಣನೆಯಲ್ಲಿ ಎಂಥ ಕಣ್ಣಿದೆ ಎಂದು ನಾನು ಬೆರಗಾದೆ.

ಡಿಸೆಂಬರ್ 13ರಂದು ನಮ್ಮ ಜಿಲ್ಲೆಯ ಶಾಲೆಯಲ್ಲೇ ಮುಕ್ತ ಪಂದ್ಯಾವಳಿ. ಎಲ್ಡನ್ ನನ್ನನ್ನು ಕಾರಿನಲ್ಲಿ ಕರೆದೊಯ್ಯುತ್ತಾನೆ. ಮೇಜು ಇರ್ಮಾಳದು. ಬಾ.

ಲೀ. ವೊಂ.


14 ಡಿಸೆಂಬರ್ 2025

ಟೆಸ್ಸಾ,

ನಿನ್ನೆ ನಿನ್ನ ಕೊನೆಯ ಕುಸ್ತಿ ನೋಡಿದೆ. ಕೊನೆಯ ನಲವತ್ತು ಸೆಕೆಂಡು ನಿನ್ನ ಕಾಲು ನಡುಗುತ್ತಿದ್ದವು. ಎದುರಿನವಳು ಎರಡು ಸಲ ಕಾಲಿಗೆ ಕೈ ಹಾಕಿದಳು, ಎರಡು ಸಲವೂ ನೀನು ಹಣೆಯನ್ನು ಅವಳ ಹೆಗಲಿಗೆ ಒತ್ತಿ ಹಾಗೇ ನಿಂತೆ, ಬೇರು ಬಿಟ್ಟ ಹಾಗೆ. 6–5, ಗೆಲುವು ನಿನ್ನದು. ಸಭಾಂಗಣವೆಲ್ಲ ಎದ್ದು ನಿಂತಿತು. ಐವತ್ತು ವರ್ಷದಲ್ಲಿ ಮೊದಲ ಬಾರಿ ನಾನು ಅಂಕ ಬರೆಯುವುದನ್ನು ಮರೆತು ಎದ್ದೆ. ಯಾರೂ ಬರೆಯಲು ಹೇಳಿರಲಿಲ್ಲ, ಅಭ್ಯಾಸಬಲ.

ಆಮೇಲೆ ಇರ್ಮಾ ನನ್ನ ತೋಳು ಹಿಡಿದು ಮೇಜಿನ ಹಿಂದಕ್ಕೆ ಎಳೆದಳು.

"ಲೀಲಂಡ್, ಆ ಹುಡ್ಗಿ ಕೋಲಾಚಿ ತಿನ್ನೋದು ನೋಡ್ದ್ಯಾ?"

"ನೋಡ್ದೆ. ಐದು ತಿಂದ್ಲು. ಭೇಷ್ ಅಂದೆ."

"ಆರು. ಎರಡು ಚೀಲಕ್ಕೆ ಹಾಕ್ಕೊಂಡ್ಲು. ರುಚಿ ನೋಡ್ತಿರ್ಲಿಲ್ಲ ಕಣೋ. ಅಗೀತಾನೇ ಇರ್ಲಿಲ್ಲ."

"ತೂಕ ಇಳಿಸ್ದೋರು ಹಂಗೇ ತಿನ್ನೋದು ಇರ್ಮಾ. ನಿಂಗೆ ಕುಸ್ತಿ ಗೊತ್ತಿಲ್ಲ."

"ನಂಗ್ ಕುಸ್ತಿ ಗೊತ್ತಿಲ್ಲ. ನಿಂಗ್ ಇನ್ನೇನೂ ಗೊತ್ತಿಲ್ಲ. ಹೋಗಿ ಆ ಚೀಟಿ ನೋಡು."

ತೂಕದ ಚೀಟಿ ಗೋಡೆಯ ಮೇಲಿತ್ತು. ನಾನು ಬೆಳಿಗ್ಗೆಯೇ ಅದರ ಮುಂದೆ ನಿಂತು ನಿನ್ನ ಹೆಸರು ಓದಿ ಹಿಗ್ಗಿದ್ದೆ. ಹೆಸರಿನ ಮುಂದಿನ ಸಂಖ್ಯೆ ಓದಿರಲಿಲ್ಲ. ನಿನ್ನ ವರ್ಗದ ಉಳಿದ ಹನ್ನೊಂದು ಹುಡುಗಿಯರು 123.6, 123.9, 124.0 ಹೀಗಿದ್ದಾರೆ. ನೀನು 119.2.

ಗೆರೆಯ ಕೆಳಗೆ ಐದು ಪೌಂಡ್. ಬೇಕೆಂದು ಇಳಿಸುವವರು ಗೆರೆಗೆ ಬಂದು ನಿಲ್ಲುತ್ತಾರೆ. ನೀನು ಇಳಿಸಿದ್ದಲ್ಲ.

ಏನು ನಡೆಯುತ್ತಿದೆ, ಬರೆ.

ಲೀ. ವೊಂ.


30 ಡಿಸೆಂಬರ್ 2025

ಮೇಷ್ಟ್ರೇ,

ಎರಡು ವಾರ ನಿಮ್ಮ ಕಾಗದಕ್ಕೆ ಉತ್ತರ ಬರೆಯುವುದು, ಹರಿಯುವುದು, ಇದೇ ಆಯಿತು. ನನಗೆ ನಿಮ್ಮ ಮೇಲೆ ಸಿಟ್ಟಿದೆ. ಯಾಕೆ ಎಂದು ಕೇಳಬೇಡಿ. ಯಾರಾದರೂ ತೂಕದ ಚೀಟಿಯನ್ನು ಓದುತ್ತಾರೆ ಎಂದು ಮೊದಲ ಪಂದ್ಯಾವಳಿಯಿಂದ ಹೆದರಿದ್ದೆ. ಓದಲಿ ಎಂದು ಕಾದೂ ಇದ್ದೆ. ಎರಡೂ ಒಟ್ಟಿಗೆ ಹೇಗೆ ಇರುತ್ತವೋ ಗೊತ್ತಿಲ್ಲ.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಬಾಡಿಗೆ ಕೊಟ್ಟ ಮೇಲೆ ನಮಗೆ ಉಳಿಯುವುದು ಅಕ್ಕಿ ಮತ್ತು ಓಟ್ಸಿಗೆ ಆಗುತ್ತದೆ. ದಿನಕ್ಕೆ ಒಂದು ಸಲ. ಡಬ್ಬಿಯ ಮಾಂಸ ಮುಗಿದದ್ದು ಸೆಪ್ಟೆಂಬರಿನಲ್ಲಿ. ಪಂದ್ಯಾವಳಿಗಳಿಗೆ ನಾನು ಹೋದದ್ದು ತೂಕ ನೋಡಿದ ಮೇಲಿನ ಮೇಜಿಗೆ. ಕುಸ್ತಿ ಅದಕ್ಕೆ ಕೊಡುವ ಬೆಲೆ. ಮಣ್ಣಿನ ಉಪನ್ಯಾಸಕ್ಕೆ ಹೋದದ್ದು ಕೊನೆಯಲ್ಲಿ ಪಿಜ್ಜಾ ಕೊಡುತ್ತಾರೆ ಎಂದು. ಯಾವ ದಿನ ಯಾವ ವಿಭಾಗದಲ್ಲಿ ಏನು ಕೊಡುತ್ತಾರೆ ಎಂಬ ಪಟ್ಟಿಯನ್ನು ನಾವು ಕೈಯಿಂದ ಕೈಗೆ ದಾಟಿಸುತ್ತೇವೆ. ಈಜುವವರು, ಓಡುವವರು, ಬರೀ ಓದುವವರು, ಎಲ್ಲರ ಹತ್ತಿರವೂ ಇದೆ. ಆದರೆ ಮಣ್ಣಿನ ಬಗ್ಗೆ ಬರೆದದ್ದು ಸುಳ್ಳಲ್ಲ. ನಿಜವಾಗಿಯೂ ಬದಿಯಲ್ಲಿ ನಡೆದೆ.

ಇನ್ನು ಮುಖ್ಯವಾದದ್ದು. ಸೆಪ್ಟೆಂಬರಿನಲ್ಲಿ ತಂಡದ ಆರೋಗ್ಯ ನೋಡುವ ಮೇಡಂ ನಮ್ಮೆಲ್ಲರಿಗೂ ಕನಿಷ್ಠ ತೂಕ ಗೊತ್ತುಮಾಡಿದರು. ನನ್ನದು 118. ಅದಕ್ಕಿಂತ ಕೆಳಗೆ ಹೋದರೆ ಚಾಪೆಯಿಂದ ಹೊರಗೆ, ಇದು ನಮ್ಮನ್ನು ಕಾಯಲೆಂದೇ ಮಾಡಿದ ನಿಯಮ. ಚಾಪೆಯಿಂದ ಹೊರಗೆ ಎಂದರೆ ತಂಡದಿಂದ ಹೊರಗೆ. ತಂಡದಿಂದ ಹೊರಗೆ ಎಂದರೆ ಫೀಸಿನ ನೆರವೂ ಹೋಯಿತು. ಎಲ್ಲರೂ ತಕ್ಕಡಿ ಹತ್ತುವ ಮುಂಚೆ ಬಕೆಟಿಗೆ ಉಗುಳುತ್ತಾರಲ್ಲ, ಒಂದು ತೊಟ್ಟಾದರೂ ಕಡಿಮೆಯಾಗಲಿ ಎಂದು? ನಾನು ಬಚ್ಚಲಲ್ಲಿ ನಿಂತು ನೀರು ಕುಡಿಯುತ್ತೇನೆ. ನೀವು ನೋಡಿದ 119.2ರಲ್ಲಿ ಎರಡು ಬಾಟಲಿ ನೀರಿದೆ.

ಆದ್ದರಿಂದ ನೀವು ಬಾಯಿ ಬಿಡಬಾರದು. ಪತ್ರಿಕೆಗೆ ಬರೆದರೆ, ಮಂಡಳಿಗೆ ಬರೆದರೆ, ಅವರು ಮೊದಲು ಮಾಡುವುದು ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸುವುದು. ಅಮ್ಮನಿಗೂ ಬೇಡ, ಕೋಚ್‌ಗೂ ಬೇಡ. ಮಾತು ಕೊಡಿ.

ಟೆಸ್ಸಾ


6 ಜನವರಿ 2026

ಮಗು,

ಮಾತು ಕೊಟ್ಟೆ.

ನನ್ನ ತಪ್ಪನ್ನು ಹೇಳಿಕೊಳ್ಳಬೇಕು. ನಿನ್ನ ಕಾಗದ ಬಂದ ಮೇಲೆ ಹಳೆಯ ಅಂಕಪುಸ್ತಕಗಳನ್ನೆಲ್ಲ ಇಳಿಸಿ ನೋಡಿದೆ. 1984ರ ಜನವರಿ, ವೇಯ್ನ್ ಹ್ರುಸ್ಕಾ ಎಂಬ ಹುಡುಗ, ಗೆರೆಯ ಕೆಳಗೆ ಆರು ಪೌಂಡ್. ಪಕ್ಕದಲ್ಲಿ ನನ್ನದೇ ಕೈಬರಹ: "ಅಪೂರ್ವ ಶಿಸ್ತು." ಆ ಚಳಿಗಾಲದಲ್ಲಿ ಅವರ ಹೊಲ, ಟ್ರಾಕ್ಟರು, ಹಸುಗಳು ಎಲ್ಲ ಹರಾಜಾದವು. ಹರಾಜಿಗೆ ನಾನೂ ಹೋಗಿದ್ದೆ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ, ಚರಿತ್ರೆಯ ಮೇಷ್ಟ್ರು ನಾನು.

ನಿನ್ನೆ ದವಸದ ಮಂಡಿಯಲ್ಲಿ ಅವನು ಸಿಕ್ಕ. ಲಾರಿ ಓಡಿಸುತ್ತಾನೆ. "ವೇಯ್ನ್, ಆ ವರ್ಷ ನೀನು ಊಟ ಮಾಡ್ತಿದ್ಯೇನೋ?" ಎಂದು ಕೇಳಿದೆ. ಗಾಜು ಇಳಿಸಿ ನನ್ನನ್ನೇ ನೋಡಿದ. "ನಲವತ್ತೆರಡು ವರ್ಷ ಆಯ್ತಲ್ಲ ಮೇಷ್ಟ್ರೇ. ಈಗ ಬಿಸಿಯಾಗ್ ಏನಾದ್ರೂ ತಂದಿದೀರಾ?" ಅಂದ. ನಕ್ಕ. ನಾನು ನಗಲಿಲ್ಲ. ಆಮೇಲೆ ಅವನೂ ನಿಲ್ಲಿಸಿದ. "ಎಲ್ರೂ ಬೆನ್ ತಟ್ತಿದ್ರು. ಅದಕ್ಕೇ ಹೇಳಕ್ಕಾಗ್ಲಿಲ್ಲ" ಅಂದ.

ನಾನು ನಿನ್ನ ಬೆನ್ನು ಮೂರು ಕಾಗದಗಳಲ್ಲಿ ತಟ್ಟಿದ್ದೇನೆ.

ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಆ ಕೊನೆಯ ನಲವತ್ತು ಸೆಕೆಂಡು ಹೇಗೆ ನಿಂತೆ? ಇದನ್ನು ಹೊಗಳಿಕೆ ಎಂದು ತಿಳಿಯಬೇಡ. ದೊಡ್ಡ ಹೊಳೆಯ ಮುಂದೆ ನಿಂತಾಗ ಮಾತು ಹೊರಡುವುದಿಲ್ಲವಲ್ಲ, ಹಾಗಾಗಿದೆ ನನಗೆ. ಅಂಥದ್ದನ್ನು ಯಾರೂ ಯಾರಿಂದಲೂ ಕೇಳಬಾರದು.

ಇರ್ಮಾ ಒಂದು ಪೆಟ್ಟಿಗೆ ಕಳಿಸುತ್ತಿದ್ದಾಳೆ. ಬೇಡ ಎಂದು ಬರೆಯಬೇಡ. ಮಾತು ಕೊಟ್ಟವನು ನಾನು, ಅವಳಲ್ಲ.

ಲೀಲಂಡ್ ವೊಂಡ್ರಾಚೆಕ್


1 ಫೆಬ್ರವರಿ 2026

ಮೇಷ್ಟ್ರೇ,

ನೊಹೇಯಾ ಹೋದಳು. ಜನವರಿ 20ರಂದು ಅವಳ ತೂಕ ಕನಿಷ್ಠಕ್ಕಿಂತ ಕೆಳಗೆ ಬಂತು. ಅವಳು ನೀರು ಕುಡಿಯಲಿಲ್ಲ. "ಸಾಕಾಯ್ತು ಕಣೇ, ಸುಳ್ಳು ನೀರಲ್ಲಿ ಎಷ್ಟು ದಿನ ತೇಲೋದು" ಅಂದಳು. ಅದೇ ವಾರ ಫೀಸಿನ ಕಾಗದ ಬಂತು. ವಿಮಾನಕ್ಕೆ ಅವಳ ಸೋದರತ್ತೆ ಹಣ ಕಳಿಸಿದರು. ಬಸ್ಸಿನ ಕಿಟಕಿಯಿಂದ ಹಿಮ ಬಿದ್ದ ಹೊಲ ತೋರಿಸಿ ಕೂಗಿದಳು, "ಅಲೆ ನಿಂತೋಗಿದೆ ನೋಡು!" ಬಸ್ಸು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ.

ಆ ರಾತ್ರಿ ಕೋಚ್ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು, "ಸಾಕಾಗಲ್ವೇನೇ ಅಂತ ಕೇಳಿದ್ನಲ್ಲ ನಾನು" ಅಂದರು. ಗರಡಿಯಲ್ಲಿ ತಕ್ಕಡಿ ಇಡುವ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ನಾನು ತೆಗೆದುಕೊಂಡೆ.

ಮೊನ್ನೆ ಶುಕ್ರವಾರ ಮಧ್ಯಾಹ್ನ ಆ ತಕ್ಕಡಿಯನ್ನು ನಾವು ನಾಲ್ವರು ಹೊತ್ತು ಆಡಳಿತ ಕಟ್ಟಡದ ಮೊಗಸಾಲೆಯಲ್ಲಿ ಇಟ್ಟೆವು, ಕಲ್ಲಿನ ನೆಲದ ಮೇಲೆ, ಸರಿಯಾಗಿ ಮಧ್ಯದಲ್ಲಿ. ಹುಡುಗಿಯ ತೂಕ ಎಂದರೆ ಏನೆಂದು ನಿಮಗೆ ಗೊತ್ತು. ನಮ್ಮನ್ನು ಬಾಗಿಲು ಹಾಕಿ ತೂಗುತ್ತಾರೆ, ಚೀಟಿಯಲ್ಲಿ ಬರೆದರೂ ಬಾಯಿಬಿಟ್ಟು ತಾಯಿಗೂ ಹೇಳುವುದಿಲ್ಲ. ನಾನೇ ಮೊದಲು ಹತ್ತಿದೆ. ನೀರು ಕುಡಿದಿರಲಿಲ್ಲ. ಹೆಸರು ಹೇಳಿದೆ. "ಹೋದ ಜೂನ್ 138. ಇವತ್ತು 116" ಅಂದೆ. ಕಂಬದ ಹತ್ತಿರ ನಿಂತಿದ್ದ ಆರೋಗ್ಯದ ಮೇಡಂ ಕಣ್ಣು ಮುಚ್ಚಿಕೊಂಡರು. 118ರ ಕೆಳಗೆ ಇದ್ದೇನೆಂದು ಈಗ ಎಲ್ಲರ ಮುಂದೆ ಗೊತ್ತಾಯಿತು, ಅವರು ಬರೆದುಕೊಳ್ಳಲೇಬೇಕು. ಬರೆದುಕೊಂಡರು.

ಇಳಿದಾಗ ಕಾಲು ಹಗುರಾಗಿತ್ತು. ಕೈಯಿಂದ ಕೈಗೆ ದಾಟುವ ಆ ಊಟದ ಪಟ್ಟಿಯ ಕೆಳಗೆ ದಿನ, ಹೊತ್ತು ಬರೆದಿದ್ದೆ; ಇನ್ನಾರು ಜನ ಬರಬಹುದು ಎಂದುಕೊಂಡಿದ್ದೆ, ನಮ್ಮ ತಂಡದವರು. ಎರಡನೆಯವನು ದೂರ ಓಡುವ ಹುಡುಗ, ನನಗೆ ಪರಿಚಯವಿಲ್ಲ. ಅವನ ಹಿಂದೆ ಈಜುವ ಹುಡುಗಿ. ಆಮೇಲೆ ಯಾವ ತಂಡಕ್ಕೂ ಸೇರದವರು, ದಪ್ಪ ಕನ್ನಡಕದವರು, ಪುಸ್ತಕ ಎದೆಗೊತ್ತಿಕೊಂಡವರು. ಒಬ್ಬ ಹುಡುಗನಿಗೆ ಹೋದ ವರ್ಷದ ತೂಕ ಗೊತ್ತಿರಲಿಲ್ಲ. ಬೆಲ್ಟು ತೆಗೆದು ಹೊಸದಾಗಿ ಕೊರೆದ ಮೂರು ತೂತು ತೋರಿಸಿದ. ಒಬ್ಬಳು ಅಳುತ್ತಾ ಹತ್ತಿದಳು, ಸಂಖ್ಯೆ ಹೇಳುವಾಗ ಮಾತ್ರ ಅವಳ ದನಿ ಗಂಟೆಯ ಹಾಗಿತ್ತು. ಸಾಲು ಬಾಗಿಲು ದಾಟಿ, ಮೆಟ್ಟಿಲಿಳಿದು, ಹಿಮದೊಳಗೆ ಹೋಗಿತ್ತು. ಯಾರೂ ಘೋಷಣೆ ಕೂಗಲಿಲ್ಲ. ಹೆಸರು, ಎರಡು ಸಂಖ್ಯೆ, ಮತ್ತೆ ಹೆಸರು, ಎರಡು ಸಂಖ್ಯೆ. ಮೇಲಿನ ಕಚೇರಿಗಳ ಬಾಗಿಲುಗಳು ಒಂದೊಂದಾಗಿ ತೆರೆದವು. ಗುಮಾಸ್ತರು ಕಟಕಟೆ ಹಿಡಿದು ಕೆಳಗೆ ನೋಡುತ್ತಾ ನಿಂತರು. ನೂರಾ ನಲವತ್ತಮೂರು ಜನ ಮೇಷ್ಟ್ರೇ. ನನಗೆ ಆಗ ಹಸಿವು ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಇವರೆಲ್ಲ ಇಷ್ಟು ದಿನ ನನ್ನ ಪಕ್ಕದಲ್ಲೇ ನಡೆಯುತ್ತಿದ್ದರಲ್ಲ ಎಂಬ ಬೆರಗು ಮಾತ್ರ ಇತ್ತು.

ಅಮ್ಮನಿಗೆ ನಾನೇ ಫೋನ್ ಮಾಡಿದೆ. ಬೈದಳು. ಆಮೇಲೆ, "ಸಂಖ್ಯೆ ಜೋರಾಗಿ ಹೇಳ್ದ್ಯಾ?" ಎಂದು ಕೇಳಿದಳು.

ನನ್ನನ್ನು ತಂಡದಿಂದ ತೆಗೆದ ಕಾಗದ ನಿನ್ನೆ ಬಂತು. ಮಾರ್ಚ್ ಎರಡರೊಳಗೆ ಪೂರ್ತಿ ಫೀಸು ಕಟ್ಟಬೇಕು, ಇಲ್ಲವಾದರೆ ಹೆಸರು ತೆಗೆಯುತ್ತಾರೆ. ಎಲ್ಲರೂ ತಮ್ಮ ಹೆಸರು, ತೂಕ ಬರೆದು ಸಹಿ ಹಾಕಿದ ಹಾಳೆಗಳು ಈ ಕಾಗದದ ಜೊತೆಗಿವೆ. ನೀವು ಕೊಟ್ಟ ಮಾತನ್ನು ನಿಮಗೇ ವಾಪಸ್ಸು ಕೊಟ್ಟಿದ್ದೇನೆ. ಬರೆಯಿರಿ. ನನ್ನ ಹೆಸರು ಹಾಕಿ. ತೂಕವನ್ನೂ ಹಾಕಿ.

ಟೆಸ್ಸಾ


9 ಫೆಬ್ರವರಿ 2026

ಆಸ್ಟ್ರಾಂಡರ್ ಕಾಲೇಜಿನ ಆಡಳಿತ ಮಂಡಳಿಯ ಹದಿಮೂರು ಸದಸ್ಯರಿಗೆ
ಪ್ರತಿಗಳು: ರಾಜ್ಯದ ಪತ್ರಿಕೆಗಳಿಗೆ

ಮಾನ್ಯರೇ,

ಟೆಸ್ಸಾ ಕೌಬಾ, ಮೂರನೆಯ ವರ್ಷದ ವಿದ್ಯಾರ್ಥಿನಿ, ಕಳೆದ ಜೂನ್‌ನಲ್ಲಿ 138 ಪೌಂಡ್, ಜನವರಿ 30ರಂದು 116. ಅವಳ ಅನುಮತಿಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಉಳಿದ 142 ಜನರ ಹೆಸರು ಮತ್ತು ತೂಕ ಇದರ ಜೊತೆಗಿದೆ. ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಬರೆದು ಸಹಿ ಹಾಕಿದ್ದಾರೆ. ಇದನ್ನು ಓದಿ ಮುಗಿಸಲು ನನಗೆ ಒಂದು ಸಂಜೆ ಬೇಕಾಯಿತು. ನಾನು ಚಕ್ರವರ್ತಿಗಳ ಶಾಸನಗಳನ್ನೂ ಸಂವಿಧಾನಗಳನ್ನೂ ನಲವತ್ತೊಂದು ವರ್ಷ ಪಾಠ ಮಾಡಿದವನು. ಇದಕ್ಕಿಂತ ದೊಡ್ಡ ದಾಖಲೆಯನ್ನು ನಾನು ಕೈಯಲ್ಲಿ ಹಿಡಿದಿಲ್ಲ.

ನಿಮ್ಮ ಜೂನ್ 11ರ ಸಭೆಯ ನಡಾವಳಿಯನ್ನು ತರಿಸಿಕೊಂಡು ಓದಿದೆ. ಊಟದ ನೆರವು ನಿಲ್ಲಿಸುವ ನಿರ್ಣಯಕ್ಕೆ ನೀವು ತೆಗೆದುಕೊಂಡ ಸಮಯ ಆರು ನಿಮಿಷ. ಯಾರೂ ಪ್ರಶ್ನೆ ಕೇಳಿಲ್ಲ. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂದು ಬರೆದಿಲ್ಲ. ಅದರ ಮುಂದಿನ ಸಾಲು ಹೀಗಿದೆ: "ಸಭೆ ಊಟಕ್ಕಾಗಿ ವಿರಮಿಸಿತು."

ನನ್ನ ಕಾಗದಗಳಿಗೆ ಖಾಸಗಿ ಉತ್ತರ ಇನ್ನು ಬೇಡ. ಫೆಬ್ರವರಿ 27, ಶುಕ್ರವಾರ, ನಿಮ್ಮ ಮುಂದಿನ ಸಭೆ ಇದೆ. ಅದನ್ನು ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ. ಊಟದ ಹಜಾರದಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ, ಬಾಗಿಲು ತೆರೆದು ಮಾಡಿ. ಆ 143 ಜನ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಹಿಂದಿನ ಸಾಲಿನಲ್ಲಿ ನಾವು, ಹಳೆಯವರು. ನೀವು ಹದಿಮೂರೂ ಜನ ಒಬ್ಬೊಬ್ಬರಾಗಿ ಎದ್ದು ನಿಂತು, ಹೆಸರು ಹೇಳಿ, ಆ ದಿನ ಒಪ್ಪಿದಿರೋ ಇಲ್ಲವೋ ಹೇಳಿ. ಒಪ್ಪಿದ್ದರೆ ಯಾಕೆ ಎಂದು ಹೇಳಿ. ನಿಮ್ಮ ನಿರ್ಣಯದಿಂದ ಹಸಿದು, ಹಸಿದದ್ದಕ್ಕೇ ತಂಡದಿಂದ ಹೊರಬಿದ್ದ ಟೆಸ್ಸಾ ಕೌಬಾ ಮಾರ್ಚ್ ಮೂರರ ಬೆಳಿಗ್ಗೆ ನಿಮ್ಮ ಕಾಲೇಜಿನ ವಿದ್ಯಾರ್ಥಿನಿ ಹೌದೋ ಅಲ್ಲವೋ, ಅವಳ ಮುಖ ನೋಡಿ ಹೇಳಿ.

ಜೋರಾಗಿ ಹೇಳಿ. ನನಗೆ ಕಿವಿ ಮಂದ.

ಲೀಲಂಡ್ ವೊಂಡ್ರಾಚೆಕ್
1972ರ ಪದವೀಧರ
ಬೀಲಾ ಕ್ರೀಕ್, ಅಯೋವ